ರಾಗಿ ಹೊಲಕ್ಕೆ ಕಾಗದದ ಮರ ಬಂದ ಕಥೆ



ಮಾಲೂರಿನಿಂದ ಹೊಸಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿ ಹೊತ್ತು ಮುಳುಗುವ ವೇಳೆಗೆ ನೀವು ಎಂದಾದರೂ ಬಂದಿದ್ದರೆ, ತೊಗಟೆ ಸುಲಿದ ನೀಲಗಿರಿ ದಿಮ್ಮಿಗಳನ್ನು ಹೇರಿಕೊಂಡ ಲಾರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತೇ ಇರುತ್ತೀರಿ. ಅದರಲ್ಲಿ ನೆಟ್ಟಗಿರುವ ಗಳಗಳು ಬೆಂಗಳೂರಿನ ಕಟ್ಟಡಗಳಿಗೆ ಸಾರುವೆ ಕಟ್ಟಲು ಹೋಗುತ್ತವೆ. ಸೊಟ್ಟಂಬಟ್ಟ ಇರುವುದು ಇಟ್ಟಿಗೆ ಗೂಡಿಗೆ ಹೋಗುತ್ತದೆ. ಮಿಕ್ಕದ್ದು ಕಾಗದದ ಕಾರ್ಖಾನೆಗೆ. ನಿಮ್ಮ ಮಗು ಶಾಲೆಗೆ ಒಯ್ಯುವ ನೋಟು ಪುಸ್ತಕದ ಹಾಳೆಯಲ್ಲಿ ನಿಮ್ಮ ಪಕ್ಕದ ಹೊಲದ ಮರವೇ ಇದ್ದರೂ ಇರಬಹುದು.

ಈ ಮರ ನಮ್ಮ ರಾಗಿ ಹೊಲಕ್ಕೆ ಹೇಗೆ ಬಂತು? ಯಾರನ್ನು ಕೇಳಿದರೂ 'ಸರ್ಕಾರದವರು ಸಸಿ ಕೊಟ್ಟರು, ನಾವು ನೆಟ್ಟೆವು' ಅಂತಾರೆ. ಮಾತು ಸುಳ್ಳಲ್ಲ. ಆದರೆ ಕಥೆ ಶುರುವಾಗುವುದು ಕೋಲಾರದಲ್ಲಿ ಅಲ್ಲ. ಇಲ್ಲಿಂದ ಬಹುದೂರದ ಮಲೆನಾಡಿನಲ್ಲಿ, ಅದೂ ನೀಲಗಿರಿಯಿಂದಲ್ಲ, ಬಿದಿರಿನಿಂದ. ಆ ಕಾಡನ್ನು ಉಳಿಸಿಕೊಳ್ಳಲು ಜನ ಹೋರಾಡಿದ ಕಥೆಗೂ ನಿಮ್ಮ ಹೊಲದ ಬೊಡ್ಡೆಗೂ ನಂಟು ಇದೆ. ಅದನ್ನೇ ಈ ದಿನ ಹೇಳಬೇಕೆಂದಿದ್ದೇನೆ.

ಮೊದಲು ನಮ್ಮ ನೆಲ ಹೇಗಿತ್ತು ಎಂಬುದನ್ನು ನೆನಪು ಮಾಡಿಕೊಳ್ಳೋಣ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ಇದೆ, ದಕ್ಷಿಣ ಪಿನಾಕಿನಿ ಇದೆ. ಹೆಸರಿಗೆ ನದಿಗಳು, ಹರಿಯುವುದು ಮಳೆ ಬಂದಾಗ. ವರ್ಷಕ್ಕೆ 700 ಮಿಲಿಮೀಟರಿನ ಆಚೀಚೆ ಮಳೆ. ಅದನ್ನು ಹಿಡಿಯುವುದಕ್ಕೆ ಹಿರಿಯರು ಒಂದರ ಕೆಳಗೊಂದು ಕೆರೆ ಕಟ್ಟಿದರು. ಹೊಲದಲ್ಲಿ ರಾಗಿ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಒಂದಿಷ್ಟು ಸಾಸಿವೆ. ಕಾಳು ಮನೆಗೆ, ಹುಲ್ಲು ದನಕ್ಕೆ, ಸಗಣಿ ತಿಪ್ಪೆಗೆ, ತಿಪ್ಪೆ ಮತ್ತೆ ಹೊಲಕ್ಕೆ. ಊರ ಹೊರಗೆ ಗುಂಡುತೋಪು. ಬದುವಿನ ಮೇಲೆ ಹೊಂಗೆ, ಬೇವು, ಹುಣಸೆ. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರ, ಬೀಜ ದೀಪಕ್ಕೆ ಎಣ್ಣೆ.

ಕಾಡು ನಮಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಚಿನ್ನದ ಗಣಿಗಳು ಶುರುವಾದ 1880ರ ದಶಕದಿಂದ ಸುತ್ತಲಿನ ಗುಡ್ಡಗಳ ಕುರುಚಲು ಸೌದೆಯಾಗಿ ಹೋಗುತ್ತಾ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂದರೂ ಒಲೆಗಳಿಗೆ ಸೌದೆಯೇ ಬೇಕಿತ್ತು.

ನೀಲಗಿರಿ ಮರವೂ ನಮಗೆ ಪೂರಾ ಹೊಸದೇನಲ್ಲ. ಆಸ್ಟ್ರೇಲಿಯಾ ದೇಶದ ಈ ಮರವನ್ನು ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ನಂದಿಬೆಟ್ಟದ ತನ್ನ ತೋಟದಲ್ಲಿ ನೆಡಿಸಿದನೆಂದು ಹೇಳುತ್ತಾರೆ. ಇಂಗ್ಲಿಷರು 1840ರ ದಶಕದಲ್ಲಿ ಊಟಿಯ ನೀಲಗಿರಿ ಬೆಟ್ಟಗಳಲ್ಲಿ ಸೌದೆಗೆಂದು ನೆಟ್ಟರು. ಮರಕ್ಕೆ ಹೆಸರು ಬಂದದ್ದು ಆ ಬೆಟ್ಟದಿಂದ. ನಂದಿಯ ಮರಗಳ ಬೀಜದಿಂದ ಬಂದ ತಳಿಗೆ ಅರಣ್ಯದವರು 'ಮೈಸೂರು ಗಮ್' ಎಂದು ಹೆಸರಿಟ್ಟರು. ಒಣ ನೆಲದಲ್ಲೂ ಸರಸರನೆ ಬೆಳೆಯುವ ಗುಣ ಇದ್ದುದರಿಂದ ಇದೇ ತಳಿ ದೇಶವೆಲ್ಲ ಹರಡಿತು. ಆದರೆ ಬಹುಕಾಲ ಇದು ಬೆಟ್ಟದ ತಪ್ಪಲಲ್ಲಿ, ಸಾಲುಮರವಾಗಿ ಇದ್ದ ಮರವೇ ಹೊರತು ಹೊಲಕ್ಕೆ ಇಳಿದಿರಲಿಲ್ಲ.

ಈಗ ಬಿದಿರಿನ ಕಥೆಗೆ ಬರೋಣ. ಕಾಗದ ಎಂದರೆ ಏನು? ಮರವನ್ನೋ ಬಿದಿರನ್ನೋ ಚೂರು ಮಾಡಿ, ಕಾಸ್ಟಿಕ್ ಸೋಡ ಮೊದಲಾದ ಕ್ಷಾರದ ನೀರಿನಲ್ಲಿ ಒತ್ತಡ ಕೊಟ್ಟು ಬೇಯಿಸಿದರೆ, ನಾರುಗಳನ್ನು ಹಿಡಿದಿರುವ ಅಂಟು ಕರಗಿ ಹೋಗಿ ತಿರುಳು ಉಳಿಯುತ್ತದೆ. ಅದನ್ನು ಬೆಳ್ಳಗೆ ಮಾಡಿ, ತೆಳ್ಳಗೆ ಹರಡಿ, ಒಣಗಿಸಿದರೆ ಕಾಗದ. ಒಂದು ಟನ್ ತಿರುಳಿಗೆ ಎರಡು ಟನ್ನಿಗೂ ಮೀರಿ ಮರ ಬೇಕು. ಬಿದಿರಿನ ನಾರು ಉದ್ದ. ಕಾಗದ ಗಟ್ಟಿ ಬರುತ್ತದೆ. ಹಾಗಾಗಿ ನಮ್ಮ ದೇಶದ ಕಾರ್ಖಾನೆಗಳು ಮೊದಲು ಬಿದಿರಿನ ಮೇಲೆ ಕಣ್ಣು ಹಾಕಿದವು.

ನಮ್ಮ ರಾಜ್ಯದಲ್ಲಿ 1936ರಲ್ಲಿ ಭದ್ರಾವತಿಯ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. 1955ರಲ್ಲಿ ಕಾಳಿ ನದಿಯ ದಂಡೆಯ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ಹುಟ್ಟಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತು. ಶಾಲೆಗಳು ತೆರೆಯುತ್ತಿದ್ದವು, ಪುಸ್ತಕ ಬೇಕಿತ್ತು, ಪತ್ರಿಕೆ ಬೇಕಿತ್ತು. ಕಾರ್ಖಾನೆ ಬೇಡವೆಂದು ಯಾರೂ ಹೇಳುವ ಕಾಲ ಅದಲ್ಲ, ಹೇಳಬೇಕಾಗಿಯೂ ಇರಲಿಲ್ಲ. ತಪ್ಪಿದ್ದು ಬೆಲೆಯಲ್ಲಿ. ಕಾರ್ಖಾನೆಗೆ ಕಾಡಿನ ಬಿದಿರನ್ನು ಟನ್ನಿಗೆ ಒಂದೆರಡು ರೂಪಾಯಿಯಂಥ ದರದಲ್ಲಿ ಸರ್ಕಾರ ಕೊಟ್ಟಿತು. ಅದೇ ಬಿದಿರನ್ನು ಬುಟ್ಟಿ, ಮೊರ ಹೆಣೆಯುವ ಮೇದಾರರು ಪೇಟೆಯ ಧಾರಣೆ ಕೊಟ್ಟು ಕೊಳ್ಳಬೇಕಿತ್ತು. ನೀವು ರೇಷ್ಮೆ ಸಾಕುವವರು. ಹುಳು ಗೂಡು ಕಟ್ಟುವ ಚಂದ್ರಿಕೆ ಯಾತರದು? ಬಿದಿರಿನದೇ. ಸೀಳಿದ ಒಂದೊಂದು ಬಿದಿರು ಕಡ್ಡಿಗೂ ಮೇದಾರರು ಲೆಕ್ಕ ಹಾಕುವಾಗ, ಅತ್ತ ಕಾಡಿಗೆ ಕಾಡೇ ಕೇಳುವವರಿಲ್ಲದ ಬೆಲೆಗೆ ಹೋಗುತ್ತಿತ್ತು. ಅಗ್ಗದ ಸರಕನ್ನು ಯಾರು ತಾನೇ ಜೋಪಾನ ಮಾಡುತ್ತಾರೆ?

ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಬಿದಿರು ತೀರುತ್ತಾ ಬಂತು. ಮೇದಾರರು ಕೂಗಿದರು, ಕಾರ್ಖಾನೆಯವರೂ ಕೂಗಿದರು. 'ಹಳ್ಳಿಯವರು ದನ ಮೇಯಿಸಿ ಹಾಳು ಮಾಡಿದರು' ಎಂಬುದು ಮೇಲಿನವರ ಮಾತು. 'ಕಾರ್ಖಾನೆಯವರು ಬಳಿದರು' ಎಂಬುದು ಹಳ್ಳಿಯವರ ಮಾತು. 1975ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಮತ್ತು ಅವರ ಜೊತೆಯವರು ಇದನ್ನು ನೋಡಲು ಕಾಡಿಗೆ ಇಳಿದರು. ಅವರು ಕಂಡುಕೊಂಡದ್ದರಲ್ಲಿ ಒಂದು ಸಂಗತಿಯನ್ನು ನಿಮಗೆ ವಿವರವಾಗಿ ಹೇಳಬೇಕು. ಯಾಕೆಂದರೆ ಅದು ನಮ್ಮಂಥ ಇಲಾಖೆಯವರೂ ಕಿವಿಗೊಟ್ಟು ಕೇಳಬೇಕಾದ್ದು.

ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡು ಬೇಲಿಯ ಹಾಗೆ ಇರುತ್ತವೆ. ಇದನ್ನು ಕಡಿದು ಬುಡ ಬಿಡಿಸಿದರೆ ಮೆಳೆಗೆ ಗಾಳಿ ಬೆಳಕು ಆಡುತ್ತದೆ, ಹೊಸ ಕಳಲೆ ಚೆನ್ನಾಗಿ ಏಳುತ್ತದೆ ಎಂದು ಅರಣ್ಯ ಶಾಸ್ತ್ರದವರು ಬರೆದಿಟ್ಟಿದ್ದರು. ಕಾರ್ಖಾನೆಯ ಆಳುಗಳು ಹಾಗೇ ಮಾಡುತ್ತಿದ್ದರು. ಬುಡ ಬಿಡಿಸಿದರೆ ಕಡಿಯುವುದಕ್ಕೂ ಸಲೀಸು. ಉತ್ತರ ಕನ್ನಡದ ಹಳ್ಳಿಯವರು ಬೇರೆ ಹೇಳಿದರು: 'ಸ್ವಾಮಿ, ಆ ಮುಳ್ಳು ಇರುವುದೇ ಕಳಲೆಯ ಕಾವಲಿಗೆ. ಮುಳ್ಳು ತೆಗೆದರೆ ದನವೂ ತಿನ್ನುತ್ತೆ, ಕಾಡುಪ್ರಾಣಿಯೂ ತಿನ್ನುತ್ತೆ.' ಮೆಳೆಗಳನ್ನು ಎಣಿಸಿ, ಗುರುತು ಹಾಕಿ, ಬಿಡಿಸಿದ ಮೆಳೆ ಯಾವುದು, ಬಿಡಿಸದ ಮೆಳೆ ಯಾವುದು ಎಂದು ಹೋಲಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಲೆಕ್ಕದ ಪುಸ್ತಕದಲ್ಲಿ ಇದೆಯೆಂದು ಬರೆದಿದ್ದ ಬಿದಿರಿಗೂ ನೆಲದ ಮೇಲೆ ಇದ್ದ ಬಿದಿರಿಗೂ ಬಹಳ ಅಂತರವಿತ್ತೆಂಬುದೂ ಹೊರಬಿತ್ತು. ಹತ್ತಿರದ ಕಾಡು ತೀರಿದಾಗ ಕಾರ್ಖಾನೆಗಳು ದೂರದ ಕಾಡಿಗೆ ಹೋದವು. ಅದೂ ತೀರಿದಾಗ ಇನ್ನೂ ದೂರಕ್ಕೆ.

ಆಮೇಲೆ ಬಿದಿರಿನ ಬದಲು ಏನು ಎಂಬ ಪ್ರಶ್ನೆ ಎದ್ದಿತು. ಉತ್ತರವಾಗಿ ಬಂದದ್ದು ನೀಲಗಿರಿ. ಮಲೆನಾಡಿನಲ್ಲಿ ನಾನಾ ಜಾತಿಯ ಮರಗಳಿದ್ದ ಹುಟ್ಟುಕಾಡನ್ನು ಬೋಳಿಸಿ ನೀಲಗಿರಿ ನೆಟ್ಟರು. ಅಲ್ಲಿನ ಜಡಿಮಳೆಗೆ ಮರಕ್ಕೆ ಶಿಲೀಂಧ್ರ ರೋಗ ತಗುಲಿ ಎಷ್ಟೋ ನೆಡುತೋಪುಗಳು ಕೆಟ್ಟವು. ಕಾಡೂ ಹೋಯಿತು, ನೀಲಗಿರಿಯೂ ನೆಟ್ಟಗೆ ಬರಲಿಲ್ಲ. 1972ರಲ್ಲಿ ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೆಲಸ ಆರಂಭಿಸಿತು. ಅಲ್ಲಿ ತಯಾರಾಗುವ ತಿರುಳು ಕಾಗದಕ್ಕಲ್ಲ, ರೇಯಾನ್ ಬಟ್ಟೆಗೆ. ಆದರೆ ಬೇಕಾದ ಮರ ಒಂದೇ. ಹೀಗೆ ನೀಲಗಿರಿಗೆ ಕೇಳಿಕೆ ಇನ್ನೂ ಏರಿತು.

ಜನ ಸುಮ್ಮನೆ ಕೂತಿರಲಿಲ್ಲ. ಹಿಮಾಲಯದ ತಪ್ಪಲಲ್ಲಿ 1973ರಲ್ಲಿ ಮರ ತಬ್ಬಿಕೊಳ್ಳುವ ಚಿಪ್ಕೋ ಚಳವಳಿ ನಡೆದದ್ದನ್ನು ನೀವು ಕೇಳಿರಬಹುದು. ಹತ್ತು ವರ್ಷದ ಮೇಲೆ, 1983ರ ಸೆಪ್ಟೆಂಬರ್ 8ರಂದು, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಹೆಂಗಸರು, ಗಂಡಸರು, ಹುಡುಗರು ನಡೆದುಕೊಂಡು ಕಳಸೆ ಕಾಡಿಗೆ ಹೋಗಿ, ಕೊಡಲಿ ಬೀಳಬೇಕಾಗಿದ್ದ ಮರಗಳನ್ನು ತಬ್ಬಿ ನಿಂತರು. ಅದೇ ಅಪ್ಪಿಕೋ. ಪಾಂಡುರಂಗ ಹೆಗಡೆಯವರು ಅದರ ಮುಂದಾಳು. ಆ ಜನ ಅಡಿಕೆ ತೋಟಕ್ಕೆ ಸೊಪ್ಪು ತರುವುದು, ನೀರು ತಿರುಗಿಸಿಕೊಳ್ಳುವುದು ಎಲ್ಲ ಆ ಕಾಡಿನಿಂದ. ಕಾಡು ಬೋಳಾದಂತೆ ತೋಟದ ನೀರಿನ ಒರತೆ ಬತ್ತಿದ್ದನ್ನು ಕಣ್ಣಾರೆ ಕಂಡವರು. 38 ದಿನ ಕಾಡಿನಲ್ಲಿ ಕಾವಲಿದ್ದರು. ಸರ್ಕಾರ ಅಲ್ಲಿಯ ಕಡಿತವನ್ನು ನಿಲ್ಲಿಸಬೇಕಾಯಿತು. ಪಾದಯಾತ್ರೆಯಿಂದ, ಯಕ್ಷಗಾನದಿಂದ ಸುದ್ದಿ ಊರೂರಿಗೆ ಹಬ್ಬಿತು.

ಅದೇ ವೇಳೆಯಲ್ಲಿ ಇಲ್ಲಿ ನಮ್ಮ ಬಯಲಲ್ಲಿ ಏನು ನಡೆಯುತ್ತಿತ್ತು? ಇಲ್ಲಿ ಸಾಮಾಜಿಕ ಅರಣ್ಯ. ಹಳ್ಳಿಯ ಬಡವರಿಗೆ ಸೌದೆ ಸಿಗಲಿ, ದನಕ್ಕೆ ಮೇವಾಗಲಿ, ಸಗಣಿ ಒಲೆಗೆ ಹೋಗದೆ ಹೊಲಕ್ಕೆ ಹೋಗಲಿ ಎಂಬುದು ಯೋಜನೆಯ ಉದ್ದೇಶ. ಒಳ್ಳೆಯ ಉದ್ದೇಶವೇ. ಸರ್ಕಾರ ಸಸಿ ತೋಟ ಮಾಡಿ ರೈತರಿಗೆ ಸಸಿಗಳನ್ನು ಬಿಟ್ಟಿಯಾಗಿ, ಇಲ್ಲವೇ ಹೆಸರಿಗೊಂದು ದುಡ್ಡಿಗೆ ಹಂಚಿತು. ಕೊಟ್ಟದ್ದರಲ್ಲಿ ಬಹುಪಾಲು ನೀಲಗಿರಿ. ನೆಟ್ಟದ್ದು ಕಲ್ಲುಗುಡ್ಡದಲ್ಲಲ್ಲ, ರಾಗಿ ಹೊಲದಲ್ಲಿ.

ಯಾಕೆ ನೆಟ್ಟರು? ಈ ಪ್ರಶ್ನೆಗೆ ಪಟ್ಟಣದವರು ಕೊಡುವ ಉತ್ತರ 'ದುಡ್ಡಿನ ಆಸೆ' ಎಂದು. ನಾನು ಇದನ್ನು ಒಪ್ಪುವುದಿಲ್ಲ. ರಾಗಿಗೆ ಮಳೆ ಹದಕ್ಕೆ ಬರಬೇಕು. ಬಿತ್ತಬೇಕು, ಕುಂಟೆ ಹೊಡೆಯಬೇಕು, ಕಳೆ ಕೀಳಬೇಕು, ಕೊಯ್ಯಬೇಕು, ಮೆದೆ ಹಾಕಬೇಕು, ಕಣ ಮಾಡಬೇಕು. ಇಷ್ಟಕ್ಕೂ ಆಳು ಬೇಕು. ಆಳುಗಳು ಬೆಂಗಳೂರಿನ ಕೆಲಸಕ್ಕೆ ಹೋಗುವುದಕ್ಕೆ ಶುರುವಾಗಿತ್ತು. ಮೂರು ವರ್ಷಕ್ಕೊಮ್ಮೆ ಮಳೆ ಕೈ ಕೊಟ್ಟರೆ ಹಾಕಿದ್ದೆಲ್ಲ ಮಣ್ಣುಪಾಲು. ನೀಲಗಿರಿಗೆ ಇದೊಂದೂ ಬೇಡ. ಮೊದಲೆರಡು ವರ್ಷ ನೋಡಿಕೊಂಡರೆ ಸಾಕು. ದನ ಆಡು ಅದರ ಎಲೆಗೆ ಬಾಯಿ ಹಾಕುವುದಿಲ್ಲ, ಆದ್ದರಿಂದ ಬೇಲಿಯೂ ಬೇಡ. ಏಳೆಂಟು ವರ್ಷಕ್ಕೆ ಕಡಿದರೆ ಕೈಗೆ ಇಡುಗಂಟು. ಕಡಿದ ಬೊಡ್ಡೆಯಿಂದ ತಾನೇ ಚಿಗುರಿ ಮತ್ತೊಂದು ಬೆಳೆ, ಅದಾದ ಮೇಲೆ ಮಗುದೊಂದು. ಊರು ಬಿಟ್ಟು ಬೆಂಗಳೂರು ಸೇರಿದ್ದ ಜಮೀನುದಾರರಿಗಂತೂ ಇದು ಹೇಳಿ ಮಾಡಿಸಿದ್ದು. ವರ್ಷಕ್ಕೊಮ್ಮೆ ಬಂದು ನೋಡಿಕೊಂಡು ಹೋದರೆ ಆಯಿತು. ಆದರೆ ಗಂಡಾಳು ಇಲ್ಲದ ಬಡ ವಿಧವೆಯೂ ನೆಟ್ಟಳು, ಹುಡುಗರನ್ನು ಓದಿಸಬೇಕೆಂದವನೂ ನೆಟ್ಟ. ನಾನು ಹುಟ್ಟುವ ವೇಳೆಗೆ ನಮ್ಮ ಮನೆಯ ಎರಡೆಕರೆಯಲ್ಲೂ ನೀಲಗಿರಿ ನಿಂತಿತ್ತು. ನಾನು ಡಿಪ್ಲೊಮಾ ಓದಿದ ಫೀಸು ಎರಡನೆಯ ಕಡಿತದ ದುಡ್ಡು. ಹಾಗಾಗಿ ಆ ಮರವನ್ನು ಬೈಯುವಾಗ ನನ್ನ ನಾಲಿಗೆ ಸ್ವಲ್ಪ ತಡೆಯುತ್ತದೆ ಎಂದು ನೀವು ತಿಳಿಯಬಹುದು.

ನಷ್ಟ ಬಿದ್ದದ್ದು ಹೆಚ್ಚಾಗಿ ನೆಟ್ಟವರಿಗಲ್ಲ, ಪಕ್ಕದವರಿಗೆ. ರಾಗಿ ಇದ್ದಾಗ ಕಳೆಗೆ, ಕೊಯ್ಲಿಗೆ ಹೋಗಿ ಕೂಲಿಯ ಜೊತೆಗೆ ಮೊರದ ತುಂಬ ಕಾಳು ತರುತ್ತಿದ್ದ ಹೆಣ್ಣಾಳುಗಳಿಗೆ ಆ ಹೊಲದಲ್ಲಿ ಕೆಲಸ ಇಲ್ಲವಾಯಿತು. ರಾಗಿ ಹುಲ್ಲು ಕಡಿಮೆಯಾಗಿ ಹಸು ಕಟ್ಟಿದವರು ಮೇವಿಗೆ ದುಡ್ಡು ತೆರಬೇಕಾಯಿತು. ಗೋಮಾಳದಲ್ಲೂ ನೀಲಗಿರಿ ಎದ್ದಾಗ ಕುರಿಯವರಿಗೆ ಜಾಗ ಹೋಯಿತು. ಇನ್ನು ಸೌದೆ? ಮರ ಲಾರಿ ಹತ್ತಿ ಹೋಯಿತು. ಒಲೆಗೆ ಉಳಿದದ್ದು ತರಗೆಲೆ, ಕಡ್ಡಿ.

1981ರಲ್ಲಿ ವಂದನಾ ಶಿವ, ಶರತ್ಚಂದ್ರ, ಬಂದ್ಯೋಪಾಧ್ಯಾಯ ಎಂಬ ಮೂವರು ಕೋಲಾರ ಜಿಲ್ಲೆಯಲ್ಲೇ ಅಧ್ಯಯನ ಮಾಡಿ ವರದಿ ಬರೆದರು. ಆಗ ಚಿಕ್ಕಬಳ್ಳಾಪುರ ಕಡೆಯ ತಾಲ್ಲೂಕುಗಳೂ ನಮ್ಮ ಜಿಲ್ಲೆಯಲ್ಲೇ ಇದ್ದವು, ಬೇರೆಯಾದದ್ದು 2007ರಲ್ಲಿ. ಊರ ಸೌದೆಗೆಂದು ಹೊರಟ ಯೋಜನೆ ಕಾರ್ಖಾನೆಯ ತಿರುಳಿಗೆ ಮರ ಒದಗಿಸುತ್ತಿದೆ, ಆಹಾರ ಬೆಳೆಯುವ ಭೂಮಿ ಕೈಬಿಟ್ಟು ಹೋಗುತ್ತಿದೆ ಎಂಬುದು ಆ ವರದಿಯ ಸಾರ. ಅರಣ್ಯದವರು ಒಪ್ಪಲಿಲ್ಲ. ಅಂಕಿ ಅಂಶ ಸರಿಯಲ್ಲವೆಂದು ವಾದಗಳಾದವು. ವರದಿ ಬಂದು ಎರಡು ವರ್ಷಕ್ಕೆ, 1983ರಲ್ಲಿ, ವಿಶ್ವಬ್ಯಾಂಕಿನ ಸಾಲದಿಂದ ಸಾಮಾಜಿಕ ಅರಣ್ಯದ ದೊಡ್ಡ ಯೋಜನೆ ರಾಜ್ಯಕ್ಕೆಲ್ಲ ಬಂತು. ಕೋಲಾರದ ಹೆಸರು ಮಾತ್ರ ದೇಶ ವಿದೇಶಗಳ ಪುಸ್ತಕಗಳಲ್ಲಿ ನೀಲಗಿರಿ ವಾದದ ಉದಾಹರಣೆಯಾಗಿ ಉಳಿಯಿತು. ನಮ್ಮೂರುಗಳ ಹೆಸರು ಹೊರದೇಶದಲ್ಲಿ ಚಿನ್ನಕ್ಕೆ ಬಿಟ್ಟರೆ ಕೇಳಿಬಂದದ್ದು ಇದಕ್ಕೇ ಇರಬೇಕು.

ಅದೇ 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಗುಂಪಾಗಿ ಅರಣ್ಯ ಇಲಾಖೆಯ ಸಸಿ ತೋಟಕ್ಕೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ, ಅಲ್ಲಿ ಹುಣಸೆ, ಮಾವಿನ ಬೀಜ ಹಾಕಿ ಬಂದರು. ರೈತ ಸಂಘ ಹುಟ್ಟಿ ಆಗ ಮೂರು ವರ್ಷ. ಪ್ರೊಫೆಸರ್ ನಂಜುಂಡಸ್ವಾಮಿಯವರು ನೀಲಗಿರಿಯ ವಿರುದ್ಧ ಊರೂರಲ್ಲಿ ಮಾತನಾಡುತ್ತಿದ್ದರು.

ಉತ್ತರದ ಕಡೆ ಇನ್ನೊಂದು ದೊಡ್ಡ ಹೋರಾಟ ಎದ್ದಿತು. 1984ರಲ್ಲಿ ಸರ್ಕಾರದ ಅರಣ್ಯ ನಿಗಮವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಮಾಡಿದವು. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳಲ್ಲಿ 30,000 ಹೆಕ್ಟೇರ್, ಅಂದರೆ 75,000 ಎಕರೆಯಷ್ಟು ಸರ್ಕಾರಿ ಜಮೀನನ್ನು ಅದಕ್ಕೆ ವಹಿಸಿ ನೀಲಗಿರಿ ಬೆಳೆಸುವುದೆಂದು ಒಪ್ಪಂದವಾಯಿತು. ಕಾಗದದಲ್ಲಿ ಅದು ಪಾಳು ನೆಲ. ಊರವರ ಲೆಕ್ಕದಲ್ಲಿ ದನದ ಹುಲ್ಲು, ಸೌದೆ, ಔಷಧಿ ಬೇರು, ಎಲ್ಲ ಬರುತ್ತಿದ್ದ ನೆಲ. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಜನರನ್ನು ಕೂಡಿಸಿದರು. 1986ರಲ್ಲಿ ಡಾಕ್ಟರ್ ಶಿವರಾಮ ಕಾರಂತರು ಮುಂದೆ ನಿಂತು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಮರು ವರ್ಷ ಕೋರ್ಟು, ಇನ್ನು ಮುಂದೆ ಜಮೀನು ವಹಿಸಕೂಡದೆಂದು ತಡೆ ಕೊಟ್ಟಿತು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೂರು ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡ ನೆಟ್ಟರು. 'ಕಿತ್ತಿಕೊ ಹಚ್ಚಿಕೊ' ಎಂದು ಆ ಸತ್ಯಾಗ್ರಹಕ್ಕೆ ಹೆಸರು. ಆ ಕಡೆ ಹಚ್ಚುವುದು ಎಂದರೆ ನೆಡುವುದು. ಕೊನೆಗೆ 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು.

ಕಾಡಿನ ಪರವಾಗಿ ಹೋರಾಡಿದವರ ಕೂಗು ದೆಹಲಿಗೂ ಮುಟ್ಟಿತು. 1988ರ ರಾಷ್ಟ್ರೀಯ ಅರಣ್ಯ ನೀತಿಯಲ್ಲಿ, ಕಾರ್ಖಾನೆಗಳಿಗೆ ಕಾಡಿನ ಮಾಲನ್ನು ರಿಯಾಯಿತಿ ದರದಲ್ಲಿ ಕೊಡಕೂಡದು, ಹುಟ್ಟುಕಾಡನ್ನು ಕಡಿದು ಅವಕ್ಕೆ ನೆಡುತೋಪು ಮಾಡಕೂಡದು, ಬೇಕಾದ ಮರವನ್ನು ಕಾರ್ಖಾನೆಗಳು ಬೆಳೆಗಾರರ ಜೊತೆ ನೇರ ಸಂಬಂಧ ಇಟ್ಟುಕೊಂಡು ಬೆಳೆಸಿಕೊಳ್ಳತಕ್ಕದ್ದು ಎಂದು ಬರೆದರು. ಟನ್ನಿಗೆ ಒಂದೆರಡು ರೂಪಾಯಿಯ ಬಿದಿರಿನ ಕಾಲ ಹೀಗೆ ಮುಗಿಯಿತು. ಅದು ದೊಡ್ಡ ಗೆಲುವು, ಅನುಮಾನವಿಲ್ಲ.

ಆದರೆ ಇಲ್ಲೊಂದು ಗಂಟು ಇದೆ ನೋಡಿ. ಮಲೆನಾಡಿನ ಕಾಡು ಕೊಡಲಿಯಿಂದ ತಪ್ಪಿಸಿಕೊಂಡಿತು. ಕಾಗದ ಬೇಕೆನ್ನುವವರ ಸಂಖ್ಯೆ ಮಾತ್ರ ಇಳಿಯಲಿಲ್ಲ. 'ಬೆಳೆಗಾರರು' ಎಂದು ನೀತಿಯಲ್ಲಿ ಬರೆದದ್ದು ಯಾರನ್ನು? ನಿಮ್ಮನ್ನೇ. ಮೊದಲೇ ನೀಲಗಿರಿ ಇಳಿದಿದ್ದ ನಮ್ಮ ಬಯಲಿಗೆ ಆ ಭಾರ ಇನ್ನಷ್ಟು ಬಂದು ಕೂತಿತು. ಶಿರಸಿಯವರು ತಬ್ಬಿಕೊಳ್ಳಲು ಕಾಡಿತ್ತು. ನಮ್ಮಲ್ಲಿ ಮರ ನಮ್ಮದೇ, ಹೊಲ ನಮ್ಮದೇ, ಕಡಿಯುವವರೂ ನಾವೇ. ಯಾರ ಎದುರಿಗೆ ನಿಂತು ಚಳವಳಿ ಮಾಡುವುದು? ಕೋಲಾರದಲ್ಲಿ ಶಿರಸಿಯಂಥ ಚಳವಳಿ ಯಾಕೆ ಏಳಲಿಲ್ಲ ಎಂದು ಕೇಳುವವರಿಗೆ ನಾನು ಹೇಳುವ ಉತ್ತರ ಇದು.

ಇನ್ನು ನೀರಿನ ಮಾತು. ನೀಲಗಿರಿ ನೀರು ಕುಡಿಯುತ್ತದೆಯೋ ಇಲ್ಲವೋ ಎಂಬುದರ ಮೇಲೆ ಕಟ್ಟೆಯ ಮೇಲೂ ಜಗಳ, ಪಂಡಿತರ ಸಭೆಯಲ್ಲೂ ಜಗಳ. ಪರವಾಗಿ ಹೇಳುವವರ ವಾದ ಇದು: ಒಂದು ಕಿಲೋ ಮರ ಬೆಳೆಯಲು ನೀಲಗಿರಿಗೆ ಬೇರೆ ಮರಗಳಿಗಿಂತ ಹೆಚ್ಚು ನೀರು ಬೇಡ. ಇದನ್ನು ಅಲ್ಲಗಳೆಯಲಾಗದು. ಆದರೆ ಅದು ಬೆಳೆಯುವುದೇ ಬೇಗ, ಎಕರೆಗೆ ನಿಲ್ಲುವುದೇ ಒತ್ತಾಗಿ. ಕಿಲೋವಿನ ಲೆಕ್ಕ ಕಾರ್ಖಾನೆಗೆ ಸರಿ; ರೈತನಿಗೆ ಬೇಕಾದದ್ದು ಎಕರೆಯ ಲೆಕ್ಕ.

ಆ ಲೆಕ್ಕವನ್ನು ಮಾಡಿದವರೂ ಇದ್ದಾರೆ. 1980ರ ದಶಕದ ಕೊನೆಯಿಂದ ಇಂಗ್ಲೆಂಡಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಎಂಬುವರು ನಮ್ಮ ಅರಣ್ಯ ಇಲಾಖೆಯವರೊಡನೆ ಕೂಡಿ ಕರ್ನಾಟಕದ ಕೆಲವು ಜಾಗಗಳಲ್ಲಿ ವರ್ಷಗಟ್ಟಲೆ ಅಳತೆ ಮಾಡಿದರು. ಅದರಲ್ಲಿ ಒಂದು ಜಾಗ ನಮ್ಮ ಮಾಲೂರಿಗೆ ತಾಗಿದ ಹೊಸಕೋಟೆ. ಮರದ ಕಾಂಡದಲ್ಲಿ ನೀರು ಏರುವುದನ್ನು ಅಳೆದರು, ಆಳದ ಮಣ್ಣಿನ ತೇವ ಅಳೆದರು, ಬಿದ್ದ ಮಳೆ ಅಳೆದರು. ಸಿಕ್ಕಿದ ಉತ್ತರ ಯಾರಿಗೂ ಪೂರ್ತಿ ಹಿತವಾದದ್ದಲ್ಲ. ಮಣ್ಣು ಸುಮಾರು ಹತ್ತು ಅಡಿ ಆಳವಿದ್ದ ಕಡೆ, ಎಳೆ ನೀಲಗಿರಿ ತೋಪು ಎಳೆದ ನೀರು ನಮ್ಮ ನಾಡ ಕಾಡು ಎಳೆಯುವುದಕ್ಕಿಂತ ಹೆಚ್ಚಿರಲಿಲ್ಲ. ಎರಡೂ ಹತ್ತಿರ ಹತ್ತಿರ ಬಿದ್ದ ಮಳೆಯಷ್ಟನ್ನೂ ಬಳಸುತ್ತಿದ್ದವು. ಆದರೆ ಹೊಸಕೋಟೆಯಂಥ ಆಳವಾದ ಕೆಮ್ಮಣ್ಣಿನಲ್ಲಿ ಕಥೆ ಬೇರೆ. ಅಲ್ಲಿ ಮಣ್ಣು ಎಂಟು ಮೀಟರ್, ಅಂದರೆ 26 ಅಡಿ ಆಳ. ನೀಲಗಿರಿಯ ಬೇರು ವರ್ಷಕ್ಕೆ ಎಂಟು ಅಡಿಗೂ ಮೀರಿ ಕೆಳಕ್ಕೆ ಇಳಿಯುತ್ತಾ, ಮಳೆ ಕಡಿಮೆಯಿದ್ದ ಆ ಮೂರು ವರ್ಷಗಳಲ್ಲಿ, ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಎಳೆದುಬಿಟ್ಟಿತು. ಮಳೆಗಿಂತ ಹೆಚ್ಚು ನೀರು ಎಲ್ಲಿಂದ ಬಂತು? ಹಿಂದಿನ ವರ್ಷಗಳಲ್ಲಿ ಮಣ್ಣು ತನ್ನೊಳಗೆ ಕೂಡಿಟ್ಟಿದ್ದ ತೇವದಿಂದ. ತಾತ ಮುತ್ತಾತಂದಿರು ಕಣಜದಲ್ಲಿ ಇಟ್ಟಿದ್ದನ್ನು ಮೊಮ್ಮಗ ತೋಡಿ ತಿಂದ ಹಾಗೆ. ರಾಗಿಯ ಲೆಕ್ಕವನ್ನೂ ಅವರು ಹಾಕಿದ್ದರು: ಮರದ ತೋಪು ಬಳಸುವ ನೀರು ರಾಗಿ ಹೊಲ ಬಳಸುವುದರ ಸುಮಾರು ಎರಡರಷ್ಟು. ರಾಗಿ ಬಿಟ್ಟು ಮಿಕ್ಕ ನೀರು ಕೆಳಕ್ಕೆ ಇಂಗುತ್ತಿತ್ತು, ಇಲ್ಲವೇ ಹರಿದು ಕೆರೆ ಸೇರುತ್ತಿತ್ತು.

ಹಾಗೆಂದು ಕೆರೆ ಬತ್ತಿದ್ದಕ್ಕೆಲ್ಲ ನೀಲಗಿರಿಯೇ ಕಾರಣ ಎಂದು ನಾನು ಹೇಳಲಾರೆ. ಕೆರೆಯ ಹೂಳು ತೆಗೆಯದೆ ಬಿಟ್ಟವರು ನಾವು. ರಾಜಕಾಲುವೆ ಒತ್ತಿದವರು ನಾವು. ಮರಳು ತೋಡಿದವರು, ಸಾವಿರ ಅಡಿಗೂ ಮೀರಿ ಕೊಳವೆಬಾವಿ ಕೊರೆಸಿದವರು ಯಾರು? ನೀಲಗಿರಿಯ ಬೇರು ಅಷ್ಟು ಆಳಕ್ಕೆ ಹೋಗುವುದಿಲ್ಲ. ಮರವನ್ನು ಮುಂದೆ ನಿಲ್ಲಿಸಿ ಹಿಂದೆ ಅವಿತುಕೊಳ್ಳುವುದು ಸುಲಭ.

ಒಂದು ವಿಚಿತ್ರ ಹೇಳುತ್ತೇನೆ ಕೇಳಿ. ನಾವು ಇಲ್ಲಿ ಕೀಳುವ ಈ ಮರದ ತವರೂರು ಆಸ್ಟ್ರೇಲಿಯಾದಲ್ಲಿ ಜನ ಇದನ್ನೇ ಉಳಿಸಿಕೊಳ್ಳಲು ಹೋರಾಡಿದರು! ಅಲ್ಲಿ ನೀಲಗಿರಿ ಹುಟ್ಟುಕಾಡು. ನೂರಾರು ಜಾತಿ ಉಂಟು. ಹಕ್ಕಿಗೆ ಗೂಡು, ಪ್ರಾಣಿಗೆ ಆಹಾರ. 1970ರ ಸುಮಾರಿನಿಂದ ಆ ಕಾಡುಗಳನ್ನು ಕಡಿದು, ಚಕ್ಕೆ ಮಾಡಿ, ಹಡಗು ಹಡಗು ಜಪಾನಿನ ಕಾಗದದ ಕಾರ್ಖಾನೆಗಳಿಗೆ ಸಾಗಿಸಿದರು. ಜನ ಮರದ ಮೇಲೆ ಅಟ್ಟಣೆ ಕಟ್ಟಿ ಕೂತರು, ರಸ್ತೆಗೆ ಅಡ್ಡ ಮಲಗಿದರು, ಕೋರ್ಟು ಹತ್ತಿದರು. ಐವತ್ತು ವರ್ಷ ನಡೆದ ಜಗಳದ ಮೇಲೆ ವಿಕ್ಟೋರಿಯಾ ಎಂಬ ರಾಜ್ಯ 2024ರ ಆರಂಭದಿಂದ ತನ್ನ ಸರ್ಕಾರಿ ಹುಟ್ಟುಕಾಡಿನ ಮರ ಕಡಿಯುವ ಉದ್ಯಮವನ್ನು ನಿಲ್ಲಿಸಿತು. ಮರಕ್ಕೆ ಒಳ್ಳೆಯದು ಕೆಟ್ಟದ್ದು ಎಂಬುದಿಲ್ಲ. ಅದು ಯಾವ ನೆಲದಲ್ಲಿ ನಿಂತಿದೆ, ಯಾರ ಜಾಗದಲ್ಲಿ ನಿಂತಿದೆ ಎಂಬುದನ್ನು ನೋಡಬೇಕು.

ನಮ್ಮ ಸರ್ಕಾರ 2017ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ, ಅಕೇಶಿಯಾ ನೆಡಕೂಡದೆಂದು ಆಜ್ಞೆ ಮಾಡಿತು. ಹಿಂದೆ ಸಸಿ ಹಂಚಿದ್ದ ಸರ್ಕಾರವೇ ಹೀಗೆ ಬೇಡವೆಂದಿತು. ಆಮೇಲೆ ನಮ್ಮ ಜಿಲ್ಲೆಯಲ್ಲಿ ಇರುವ ತೋಪುಗಳನ್ನೂ ತೆಗೆಸುವ ಪ್ರಯತ್ನ ನಡೆಯಿತು. ಮಲೆನಾಡಿನಲ್ಲಿ ಜಗಳ ಇನ್ನೊಂದು ರೂಪದಲ್ಲಿ ಮುಂದುವರಿಯಿತು: ಭದ್ರಾವತಿಯ ಕಾರ್ಖಾನೆ ನಿಂತುಹೋದ ಮೇಲೂ ಅದಕ್ಕೆಂದು ಕೊಟ್ಟಿದ್ದ ನೆಡುತೋಪಿನ ಭೂಮಿಯ ಗುತ್ತಿಗೆಯನ್ನು 2020ರಲ್ಲಿ ಮತ್ತೆ ಮುಂದುವರಿಸಿದಾಗ, 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂದು ಶಿವಮೊಗ್ಗದ ಕಡೆಯವರು ಎದ್ದರು.

ನಮ್ಮ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿದ ನೀರು ಬರುತ್ತಿದೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ನೀರು ಬಂದ ಕೆರೆಗಳ ಹಿಂದಿನ ಹೊಲಗಳಲ್ಲಿ ಬಾವಿ ಸ್ವಲ್ಪ ಏರಿದ್ದನ್ನು ಕಂಡು, ನೀಲಗಿರಿ ತೆಗೆದು ಮತ್ತೆ ಬೇಸಾಯಕ್ಕೆ ಇಳಿಯುವ ಆಲೋಚನೆ ಮಾಡುವವರು ಇದ್ದಾರೆ.

ಮುಳಬಾಗಿಲು ಕಡೆ ಒಂದು ಊರಿನಲ್ಲಿ ಒಬ್ಬ ತಾಯಿ ನನ್ನನ್ನು ಕೇಳಿದರು: 'ಅಲ್ಲಪ್ಪಾ, ನೆಡು ಅಂತ ಬಂದವರೂ ನೀವೇ, ಕೀಳು ಅಂತ ಬಂದವರೂ ನೀವೇ. ನೆಡುವಾಗ ಸಸಿ ಬಿಟ್ಟಿ ಕೊಟ್ಟಿರಿ. ಕೀಳೋಕೆ ಜೆಸಿಬಿ ಬಾಡಿಗೆ ಯಾರು ಕೊಡ್ತಾರೆ?' ನನ್ನ ಬಳಿ ಉತ್ತರ ಇರಲಿಲ್ಲ. ಆಕೆಯ ಮಾತಿನಲ್ಲಿ ನ್ಯಾಯವಿದೆ. ಮರ ಕಡಿದರೆ ಮುಗಿಯಲಿಲ್ಲ. ಬೊಡ್ಡೆ ಬಿಟ್ಟರೆ ಮತ್ತೆ ಚಿಗುರುತ್ತದೆ, ಬೊಡ್ಡೆ ಕೀಳಿಸುವ ಖರ್ಚು ಸಣ್ಣ ರೈತನಿಗೆ ಹೊರೆಯೇ. ಮರ ಮಾರುವಾಗ ವ್ಯಾಪಾರಿಯ ಜೊತೆ ಬೊಡ್ಡೆಯನ್ನೂ ಸೇರಿಸಿ ಮಾತನಾಡಿಕೊಂಡರೆ ಬೇರನ್ನು ಸೌದೆಗೆ ಕೊಂಡುಹೋಗುವವರು ಕೆಲವು ಕಡೆ ಸಿಗುತ್ತಾರೆ. ಕರಾರು ಮಾಡುವ ಮೊದಲೇ ಕೇಳಿ; ಕಡಿದ ಮೇಲೆ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಪಕ್ಕದ ಹೊಲದಲ್ಲಿ ನೀಲಗಿರಿ ಇದ್ದು ನಿಮ್ಮದು ರಾಗಿಯಾದರೆ, ಬದುವಿನುದ್ದಕ್ಕೂ ಆಳವಾಗಿ ಒಂದು ಕಂದಕ ತೋಡಿ ಮೇಲಿನ ಬೇರುಗಳನ್ನು ಕತ್ತರಿಸಿಕೊಳ್ಳಿ. ಒಂದೆರಡು ವರ್ಷಕ್ಕೊಮ್ಮೆ ಅದನ್ನು ಮತ್ತೆ ಬಿಡಿಸಬೇಕಾಗುತ್ತದೆ.

ಬೊಡ್ಡೆ ತೆಗೆದ ಹೊಲಕ್ಕೆ ಮೊದಲ ವರ್ಷವೇ ರಾಗಿ ಹಾಕಿ ಕೈಸುಟ್ಟುಕೊಂಡವರು ಇದ್ದಾರೆ. ಅಂಥ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಎಷ್ಟು, ಹುರುಳಿ ಮೊದಲೋ ರಾಗಿ ಮೊದಲೋ, ಬದುವಿನ ಮೇಲೆ ಹೊಂಗೆ ಎಷ್ಟು ಅಂತರಕ್ಕೆ ಎಂಬುದನ್ನು ಮುಂದಿನ ಭಾಷಣದಲ್ಲಿ ಹೇಳುತ್ತೇನೆ.